ಫ್ಲ್ಯಾಶ್‌ಗೆ ಕೆಂಪು ಜೆಲ್ ಹಾಕಿದರೆ ರೋಸ್ ಮಿಲ್ಕ್ ಬಣ್ಣ ಯಾಕೆ ಬರುತ್ತಿದೆ?

ಗುಬ್ಬಿ ಗೇಟ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆ ಇದೆ, ಎರಡೂ ಜೆಲ್ (ಫ್ಲ್ಯಾಶ್ ಮುಂದೆ ಹಾಕುವ ಬಣ್ಣದ ಪಾರದರ್ಶಕ ಹಾಳೆ) ಬಗ್ಗೆಯೇ.

ನಾನು ಮದುವೆ ಫೋಟೋ ತೆಗೆಯುವವನು, ಮೂರು ವರ್ಷ ಆಯ್ತು. ಹೋದ ವಾರ ಶಿರಾ ರಸ್ತೆ ಕಡೆ ಒಂದು ಛತ್ರದಲ್ಲಿ ಆರತಕ್ಷತೆ ಇತ್ತು. ಸ್ಟೇಜ್ ಹಿಂದೆ ಪೂರ್ತಿ ಹಳದಿ ಬಲ್ಬಿನ ಪರದೆ. ಮೇಲೆ ನಾಲ್ಕು ಹ್ಯಾಲೊಜೆನ್. ಕಣ್ಣಿಗೆ ತುಂಬಾ ಚೆನ್ನಾಗಿತ್ತು. ಫೋಟೋದಲ್ಲಿ ಹುಡುಗ ಹುಡುಗಿ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಹಿಂದೆ ಕೂತ ನೆಂಟರೆಲ್ಲ ಕಿತ್ತಳೆ ಹಣ್ಣು. ಮನೆಗೆ ಬಂದು ಹಿಂದಿನವರನ್ನು ಸರಿ ಮಾಡಿದರೆ ಮುಂದಿನವರು ನೀಲಿ ಆಗುತ್ತಾರೆ. ಮುಂದಿನವರನ್ನು ಸರಿ ಮಾಡಿದರೆ ಹಿಂದೆ ಬೆಂಕಿ ಬಿದ್ದ ಹಾಗೆ. ಯಾರೋ ಫ್ಲ್ಯಾಶ್‌ಗೆ ಜೆಲ್ ಹಾಕು ಅಂದರು.

ಎರಡನೇದು. ಅದೇ ನೆಪದಲ್ಲಿ ಸ್ಟೇಷನರಿ ಅಂಗಡಿಯಲ್ಲಿ ಗಿಫ್ಟ್ ಸುತ್ತುವ ಬಣ್ಣದ ಪೇಪರ್ ತಂದೆ. ಕೆಂಪು, ನೀಲಿ, ಹಸಿರು. ಮನೆಯ ಬಿಳಿ ಗೋಡೆ ಮುಂದೆ ತಮ್ಮನನ್ನು ನಿಲ್ಲಿಸಿ, ಗೋಡೆಗೆ ಕೆಂಪು ಫ್ಲ್ಯಾಶ್ ಹೊಡೆದೆ. ಕಡುಗೆಂಪು ಗೋಡೆ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ರೋಸ್ ಮಿಲ್ಕ್. ಬಣ್ಣ ಸಾಲದು ಅಂತ ಫ್ಲ್ಯಾಶ್ ಪವರ್ ಜಾಸ್ತಿ ಮಾಡಿದೆ. ಇನ್ನೂ ತಿಳಿಯಾಯಿತು! ಏನಿದು?

ಹಳೇ ರೀಲು (ತಿಪಟೂರು)

ಮೊದಲನೇ ಪ್ರಶ್ನೆಗೆ ನಾನು ಹೇಳ್ತೀನಿ. ಎರಡನೇದಕ್ಕೆ ಕೋಲಾರದ ಮೇಡಂ ಬರಲಿ, ಅವರ ಕಸುಬೇ ಅದು.

ತಮ್ಮಾ, ನಿನ್ನ ಫ್ಲ್ಯಾಶ್ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ). ಮಧ್ಯಾಹ್ನದ ಬಿಸಿಲಿನ ಬಣ್ಣ. ಆ ಹ್ಯಾಲೊಜೆನ್ 3200ರ ಹತ್ತಿರ, ಹಳದಿ ಬಲ್ಬು 2700ರ ಹತ್ತಿರ. ಒಂದೇ ಚಿತ್ರದಲ್ಲಿ ಮಧ್ಯಾಹ್ನವೂ ಇದೆ, ದೀಪ ಹಚ್ಚಿದ ಹೊತ್ತೂ ಇದೆ. ಕ್ಯಾಮೆರಾಕ್ಕೆ ಇರುವುದು ಒಂದೇ ವೈಟ್ ಬ್ಯಾಲೆನ್ಸ್, ಅಂದರೆ ಯಾವ ಬೆಳಕನ್ನು ಬಿಳಿ ಅಂತ ಹಿಡಿಯಬೇಕು ಅನ್ನುವ ಸೆಟ್ಟಿಂಗ್. ಅದು ಯಾರ ಪರ ಅಂತ ನಿಲ್ಲಬೇಕು?

ಅದಕ್ಕೇ ಫ್ಲ್ಯಾಶ್ ಮುಂದೆ ಕಿತ್ತಳೆ ಜೆಲ್ ಹಾಕೋದು. ಅದರ ಹೆಸರು ಸಿಟಿಓ. ಫ್ಲ್ಯಾಶ್ ಬೆಳಕೂ ಬಲ್ಬಿನ ಬಣ್ಣಕ್ಕೆ ಬರುತ್ತದೆ. ಆಮೇಲೆ ಕ್ಯಾಮೆರಾದಲ್ಲಿ ಕೈಯಾರೆ 3200 ಇಟ್ಟುಕೋ. ಆಟೋ ಬೇಡ. ಮುಖವೂ ಸರಿ, ಹಿಂದಿನ ನೆಂಟರೂ ಸರಿ. ಬಲ್ಬು ಮಾತ್ರ ಸ್ವಲ್ಪ ಹಳದಿಯಾಗೇ ಉಳಿಯುತ್ತದೆ. ಉಳಿಯಲಿ, ಬಲ್ಬು ಹಳದಿ ಇರಬೇಕು ಅಲ್ವಾ.

ಇನ್ನೊಂದು ಮಾತು. ನಿನ್ನ ಶಟರ್ ಎಷ್ಟಿತ್ತು? 1/200 ಸೆಕೆಂಡ್ ಇಟ್ಟಿದ್ದರೆ ಛತ್ರದ ಬೆಳಕು ಅರ್ಧಕ್ಕರ್ಧ ಒಳಗೇ ಬಂದಿರಲ್ಲ. ಫ್ಲ್ಯಾಶ್ ಹೊಳೆದು ಹೋಗುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಅದಕ್ಕೆ ಶಟರ್ ಜೊತೆ ಕೆಲಸವಿಲ್ಲ. ಶಟರ್ ನಿಧಾನ ಮಾಡಿದಷ್ಟೂ ಛತ್ರದ ಬೆಳಕು ತುಂಬುತ್ತದೆ. ನಾನು 1/60 ಇಡ್ತೀನಿ.

ರೀಲಿನ ಕಾಲದಲ್ಲಿ ಈ ಗೋಳು ಇನ್ನೂ ಜಾಸ್ತಿ. ಬಿಸಿಲಿಗೆ ಒಂದು ಫಿಲ್ಮ್, ಬಲ್ಬಿಗೆ ಒಂದು ಫಿಲ್ಮ್. ಬಲ್ಬಿನ ಫಿಲ್ಮ್ ಹಾಕಿಕೊಂಡು ಹೊರಗೆ ಹೋದರೆ ಲೆನ್ಸ್ ಮುಂದೆ 85ಬಿ ಅಂತ ಕಿತ್ತಳೆ ಗಾಜು ಸಿಗಿಸಬೇಕು. ಮರೆತರೆ 36 ಫೋಟೋ ನೀಲಿ. ನಾನು ಮರೆತಿದ್ದೇನೆ. ಯಾರ ಮದುವೆ ಅಂತ ಕೇಳಬೇಡಿ, ಅವರು ಈಗಲೂ ನಮ್ಮ ಬೀದಿಯಲ್ಲೇ ಇದ್ದಾರೆ.

ಅರ್ಧ ಸ್ಟಾಪ್ (ತುಮಕೂರು)

ಹಿರಿಯರು ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ಲೆಕ್ಕ ಬೇಡ ಅನ್ನುವವರು ಮುಂದಿನ ಪೋಸ್ಟಿಗೆ ಹೋಗಿ, ಬೇಜಾರಿಲ್ಲ.

ಸಿಟಿಓ ಜೆಲ್ ಪೂರ್ತಿ, ಅರ್ಧ, ಕಾಲು, ಅರ್ಧಪಾವು ಅಂತ ಬರುತ್ತದೆ. ಜೆಲ್ ಮಾಡುವ ಲೀ ಕಂಪನಿಯ ನಂಬರಿನಲ್ಲಿ 204, 205, 206, 223. ಕ್ಯಾಟಲಾಗಿನಲ್ಲಿ 204ರ ಮುಂದೆ 6500ರಿಂದ 3200ಕ್ಕೆ ಅಂತ ಇರುತ್ತದೆ. ಆದರೆ ನಮ್ಮ ಫ್ಲ್ಯಾಶ್ 6500 ಅಲ್ಲವಲ್ಲ. ಹಾಗಾಗಿ ಕೆಲ್ವಿನ್ ಕೂಡಿ ಕಳೆದು ಮಾಡಬಾರದು, ಮೈರೆಡ್ ಲೆಕ್ಕ ಹಾಕಬೇಕು. ಹತ್ತು ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸಿದರೆ ಮೈರೆಡ್. 5500ಕ್ಕೆ 182. ಪೂರ್ತಿ ಸಿಟಿಓ ಅದಕ್ಕೆ 159 ಸೇರಿಸುತ್ತದೆ. 341 ಆಯಿತು. ವಾಪಸ್ ಭಾಗಿಸಿದರೆ ಸುಮಾರು 2930 ಕೆಲ್ವಿನ್. ಅರ್ಧ ಸಿಟಿಓ 109 ಸೇರಿಸುತ್ತದೆ, ಬರುವುದು ಸುಮಾರು 3440. ಕಾಲು 64 ಸೇರಿಸುತ್ತದೆ, 4070ರ ಹತ್ತಿರ.

ನೋಡಿದಿರಾ? ಹೆಸರಿಗೆ ಅರ್ಧ, ಆದರೆ ಮುಕ್ಕಾಲು ದಾರಿ ಅದೇ ಹೋಗಿಬಿಡುತ್ತದೆ. ನನ್ನ ಚೀಲದಲ್ಲಿ ಅರ್ಧದ ತುಂಡೇ ಜಾಸ್ತಿ ಇರುವುದು. ಮುಖ ಪೂರ್ತಿ ಬಲ್ಬಿನ ಬಣ್ಣಕ್ಕೆ ಬರುವುದಕ್ಕಿಂತ ಒಂಚೂರು ತಂಪಾಗಿದ್ದರೆ ಹಿಂದಿನಿಂದ ಬೇರೆಯಾಗಿ ಎದ್ದು ಕಾಣುತ್ತದೆ. ಇದು ನನ್ನ ರುಚಿ, ನಿಯಮ ಅಲ್ಲ.

ಬೆಳಕೂ ಕಡಿಮೆಯಾಗುತ್ತದೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ. ಪೂರ್ತಿಗೆ ಮುಕ್ಕಾಲರಿಂದ ಒಂದು ಸ್ಟಾಪ್, ಅರ್ಧಕ್ಕೆ ಅರ್ಧ ಸ್ಟಾಪ್ ಅಂತ ಇಟ್ಟುಕೊಳ್ಳಿ. ಟಿಟಿಎಲ್‌ನಲ್ಲಿ (ಬೆಳಕನ್ನು ಕ್ಯಾಮೆರಾವೇ ಅಳೆಯುವ ಮೋಡ್) ಇದ್ದರೆ ಫ್ಲ್ಯಾಶ್ ತಾನೇ ತುಂಬಿಕೊಳ್ಳುತ್ತದೆ. ಮ್ಯಾನ್ಯುಯಲ್ ಆದರೆ ನೀವೇ ಏರಿಸಬೇಕು.

ಸುಮ್ನೆ ನೋಡ್ತೀನಿ (ಕುಣಿಗಲ್)

ಇಷ್ಟೆಲ್ಲ ಯಾಕೆ ಗುರು? ರಾ ಫೈಲ್ (ಆಮೇಲೆ ಬಣ್ಣ ಬದಲಿಸಲು ಬರುವ ಕಚ್ಚಾ ಫೈಲ್) ತೆಗೆಯಿರಿ, ಮನೆಗೆ ಬಂದು ಸಾಫ್ಟ್‌ವೇರ್‌ನಲ್ಲಿ ಮುಖಕ್ಕೆ ಮಾಸ್ಕ್ ಹಾಕಿ, ಅಂದರೆ ಮುಖವನ್ನಷ್ಟೇ ಆರಿಸಿ, ಬಣ್ಣ ಬದಲಿಸಿ. ಈಗ ಅದೇ ಮುಖ ಹುಡುಕಿ ಮಾಸ್ಕ್ ಹಾಕುತ್ತದೆ. 2005ರಲ್ಲಿ ಇದ್ದ ಹಾಗೆ ಪೇಪರ್ ಅಂಟಿಸಿಕೊಂಡು ಓಡಾಡಬೇಕಾ?

ಕೋಲಾರದ ಕಿಟಕಿ

ಮಾಸ್ಕ್ ಹಾಕಿ, ಯಾರು ಬೇಡ ಅಂದರು. ಆದರೆ ಒಂದು ಆರತಕ್ಷತೆಗೆ ಎಷ್ಟು ಫೋಟೋ ತೆಗೀತೀರಿ? ಸಾವಿರ ದಾಟುತ್ತದೆ ಅಲ್ವಾ. ಅದರಲ್ಲಿ ಕೈಗೆ ಬಳೆ, ಬಳೆ ಸಂದಿಯಲ್ಲಿ ಹಿಂದಿನ ಬಲ್ಬು, ಜಡೆ ಬಿಲ್ಲೆ ಪಕ್ಕ ಬಿಡಿಬಿಡಿ ಕೂದಲು. ಮಾಸ್ಕ್ ಅಂಚು ಅಲ್ಲಿ ಸಿಕ್ಕಿಬೀಳುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಒಂದೇ ಮುಖದ ಬಲಗೆನ್ನೆ ಮೇಲೆ ಫ್ಲ್ಯಾಶ್ ಬಿದ್ದಿದೆ, ಎಡಗೆನ್ನೆ ಮೇಲೆ ಹ್ಯಾಲೊಜೆನ್. ಮೂಗಿನ ಮೇಲೆ ಎರಡೂ ಕಲೆತಿವೆ. ಆ ಕಲೆತ ಜಾಗಕ್ಕೆ ಯಾವ ಮಾಸ್ಕ್ ಹಾಕುತ್ತೀರಿ? ಜೆಲ್ ಆ ಜಗಳವನ್ನು ಶಟರ್ ಒತ್ತುವ ಮುಂಚೆಯೇ ಮುಗಿಸಿಬಿಡುತ್ತದೆ.

ಸುಮ್ನೆ ನೋಡ್ತೀನಿ (ಕುಣಿಗಲ್)

ಮೂಗಿನ ವಿಷಯ ಒಪ್ಪಿದೆ. ಆಲ್ಬಮ್‌ಗೆ ಹೋಗುವ ಇಪ್ಪತ್ತು ಮೂವತ್ತು ಫೋಟೋಕ್ಕೆ ಮಾಸ್ಕ್, ಉಳಿದದ್ದಕ್ಕೆ ಜೆಲ್. ಸರಿನಾ ಅಕ್ಕಾ?

ಕೋಲಾರದ ಕಿಟಕಿ

ಸರಿ. ಈಗ ರೋಸ್ ಮಿಲ್ಕ್ ವಿಷಯಕ್ಕೆ ಬರೋಣ.

ಗುಬ್ಬಿ ಗೇಟ್ ಅವರೇ, ನೀವು ಮಾಡಿದ್ದು ಎಲ್ಲರೂ ಮೊದಲ ಸಲ ಮಾಡುವುದೇ. ಬಣ್ಣ ಸಾಲದು ಅಂತ ಪವರ್ ಏರಿಸಿದಿರಿ. ಸಾರಿಗೆ ರುಚಿ ಸಾಲದು ಅಂತ ನೀರು ಹುಯ್ದ ಹಾಗಾಯಿತು. ಜೆಲ್‌ನ ಬಣ್ಣ ಗಾಢವಾಗುವುದು ಬೆಳಕು ಕಡಿಮೆ ಮಾಡಿದಾಗ. ಕ್ಯಾಮೆರಾ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಚಾನೆಲ್‌ನಲ್ಲಿ ಅಳೆಯುತ್ತದೆ. ಬೆಳಕು ಜಾಸ್ತಿಯಾದರೆ ಕೆಂಪು ಚಾನೆಲ್ ತುಂಬಿ ನಿಲ್ಲುತ್ತದೆ. ಇನ್ನು ಏರಲಾರದು. ಆದರೆ ಜೆಲ್‌ನಿಂದ ಸೋರಿ ಬಂದ ಅಷ್ಟಿಷ್ಟು ಹಸಿರು, ನೀಲಿ ಏರುತ್ತಲೇ ಇರುತ್ತವೆ. ಮೂರೂ ಸೇರಿದರೆ ಬಿಳಿ ತಾನೇ? ಅಲ್ಲಿಗೆ ಹೋಗುವ ದಾರಿಯಲ್ಲಿ ಸಿಗುವ ಸ್ಟಾಪೇ ನಿಮ್ಮ ರೋಸ್ ಮಿಲ್ಕ್.

ಎರಡನೇದು ಬಿಳಿ ಗೋಡೆ. ತಮ್ಮನ ಮುಖಕ್ಕೆ ಹೊಡೆದ ಬಿಳಿ ಫ್ಲ್ಯಾಶ್ ಅವನನ್ನು ದಾಟಿ ಗೋಡೆಗೂ ಬಡಿದಿದೆ. ಕೆಂಪಿನ ಮೇಲೆ ಬಿಳಿ ಬಿದ್ದರೆ ಗುಲಾಬಿ.

ಭಾನುವಾರ ಇದಕ್ಕಾಗಿಯೇ ಒಂದು ಪ್ರಯೋಗ ಮಾಡಿದೆ. ನಮ್ಮ ಮಹಡಿ ಮೇಲೆ ಬಣ್ಣ ಬಳಿಯದ ಸಿಮೆಂಟ್ ಗಾರೆಯ ಗೋಡೆ ಇದೆ. ಮನೆಯವರಿಗೆ ಅದು ಮುಗಿಯದ ಕೆಲಸ, ನನಗೆ ಸ್ಟುಡಿಯೋ. ಬೂದು, ಹೊಳಪಿಲ್ಲ, ಜೆಲ್‌ಗೆ ಇದಕ್ಕಿಂತ ಒಳ್ಳೆಯ ಹಿನ್ನೆಲೆ ದುಡ್ಡು ಕೊಟ್ಟರೂ ಸಿಗಲ್ಲ. ಗಾಢ ಕೆಂಪು ಜೆಲ್, ಗೋಡೆಯಿಂದ ಮೂರು ಅಡಿ ದೂರ ಫ್ಲ್ಯಾಶ್, ಐಎಸ್ಓ 100, ಎಫ್ 5.6. ಕತ್ತಲಾದ ಮೇಲೆ ತೆಗೆದದ್ದು. ಬದಲಿಸಿದ್ದು ಪವರ್ ಮಾತ್ರ.

ಪೂರ್ತಿ ಪವರ್‌ನಲ್ಲಿ ನಡುಭಾಗ ಕಿತ್ತಳೆ ಕಡೆ ವಾಲಿದ ಗುಲಾಬಿ, ಅಂಚಿನಲ್ಲಿ ಮಾತ್ರ ಕೆಂಪು. 1/4ರಲ್ಲಿ ಹೊಳೆಯುವ ಕೆಂಪು, ಬಸ್ಸಿನ ಬಣ್ಣ. 1/8ಕ್ಕೆ ಇಳಿಸಿದಾಗ ಕುಂಕುಮ ಬಂತು. ಗಾರೆಯ ಮೇಲೆ ಕರಣೆ ಎಳೆದ ಗೆರೆಗಳು ಕೂಡ ಕಾಣುತ್ತಿದ್ದವು. 1/16ರಲ್ಲಿ ಬ್ಯಾಡಗಿ ಮೆಣಸಿನಕಾಯಿ. 1/32ರಲ್ಲಿ ನನಗೇ ಗೋಡೆ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ನನಗೆ ಬೇಕಾದದ್ದು 1/8 ಮತ್ತು 1/16ರ ನಡುವೆ ಎಲ್ಲೋ ಇದೆ.

ಬಿಳಿ ಗೋಡೆ ಬಿಟ್ಟರೆ ಗತಿಯಿಲ್ಲ ಅಂದರೆ ತಮ್ಮನನ್ನು ಮುಂದಕ್ಕೆ ಎಳೆಯಿರಿ. ಮುಖದ ಫ್ಲ್ಯಾಶ್ ಅವನಿಂದ ಮೂರು ಅಡಿ, ಗೋಡೆ ಅವನ ಹಿಂದೆ ಮೂರು ಅಡಿ ಇದ್ದರೆ, ಗೋಡೆಗೆ ಮುಖದ ಕಾಲು ಭಾಗ ಬಿಳಿ ಬೆಳಕು ಬೀಳುತ್ತದೆ. ಗೋಡೆ ಒಂಬತ್ತು ಅಡಿ ಹಿಂದೆ ಹೋದರೆ ಹದಿನಾರರಲ್ಲಿ ಒಂದು ಭಾಗ ಮಾತ್ರ. ಅಷ್ಟಾದರೆ ಕೆಂಪು ಉಳಿಯುತ್ತದೆ. ಫ್ಲ್ಯಾಶ್ ಬಾಯಿಗೆ ಗ್ರಿಡ್ (ಬೆಳಕು ಅಕ್ಕಪಕ್ಕ ಹರಡದ ಹಾಗೆ ತಡೆಯುವ ಜಾಲರಿ) ಹಾಕಿದರೆ ಇನ್ನೂ ಒಳ್ಳೆಯದು.

ಅರ್ಧ ಸ್ಟಾಪ್ (ತುಮಕೂರು)

ಮೇಡಂ ಹೇಳಿದ ಕೆಂಪು ಚಾನೆಲ್ ವಿಷಯ ಕ್ಯಾಮೆರಾ ಹಿಂದೆಯೇ ನೋಡಬಹುದು. ಸಾಮಾನ್ಯ ಹಿಸ್ಟೋಗ್ರಾಮ್ (ಬೆಳಕು ಎಷ್ಟಿದೆ ಅಂತ ತೋರಿಸುವ ಗ್ರಾಫ್) ನಂಬಬೇಡಿ, ಅದು ಮೂರೂ ಬಣ್ಣ ಕಲೆಸಿ ತೋರಿಸುತ್ತದೆ. ಎಲ್ಲ ಸರಿ ಅನ್ನುತ್ತಿರುತ್ತದೆ, ಅಲ್ಲಿ ಕೆಂಪು ಬಲಗೋಡೆಗೆ ಬಡಿದು ಒದ್ದಾಡುತ್ತಿರುತ್ತದೆ. ಮೂರು ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಆನ್ ಮಾಡಿಕೊಳ್ಳಿ.

ಗಾಢ ಬಣ್ಣಗಳು ಬೆಳಕನ್ನು ಕುಡಿದುಬಿಡುತ್ತವೆ ಅನ್ನುವುದೂ ನೆನಪಿರಲಿ. ಗಾಢ ಕೆಂಪು ಮೂರು ಸ್ಟಾಪ್‌ಗಿಂತ ಹೆಚ್ಚು ತಿನ್ನುತ್ತದೆ. ಕಾಂಗೊ ಬ್ಲೂ ಅಂತ ಒಂದಿದೆ, ನೇರಳೆ ಮಿಶ್ರಿತ ಕಡುನೀಲಿ. ನೋಡಿದರೆ ಆಸೆಯಾಗುತ್ತದೆ. ಸಣ್ಣ ಸ್ಪೀಡ್‌ಲೈಟ್ (ಕ್ಯಾಮೆರಾ ಮೇಲೆ ಸಿಗಿಸುವ ಫ್ಲ್ಯಾಶ್) ಅದರ ಹಿಂದೆ ಇಟ್ಟರೆ ಹೊರಗೆ ಏನೂ ಬರಲಿಲ್ಲವೇನೋ ಅನ್ನಿಸುತ್ತದೆ.

ನಾಟಕದ ಲೈಟು (ಗುಬ್ಬಿ)

ನಾನು ಫೋಟೋದವನಲ್ಲ. ಹವ್ಯಾಸಿ ನಾಟಕಗಳಿಗೆ ಬೆಳಕು ಮಾಡುತ್ತೇನೆ. ಜೆಲ್ ಅಂದರೆ ಮೊದಲು ನಮ್ಮದು, ಆಮೇಲೆ ನಿಮ್ಮದು. ನಮ್ಮ ಕಡೆ ಈಗಲೂ ಜಿಲೆಟಿನ್ ಪೇಪರ್ ಅಂತಲೇ ಕರೆಯುವುದು. ಹೆಸರು ಸುಮ್ನೆ ಬಂದದ್ದಲ್ಲ. ಹಿಂದೆ ಅದನ್ನು ನಿಜವಾಗಿಯೂ ಜಿಲೆಟಿನ್‌ನಿಂದ ಮಾಡುತ್ತಿದ್ದರು. ನೀರು ತಾಗಿದರೆ ಕರಗುವುದು, ಬಿಸಿಗೆ ಹಪ್ಪಳದ ಹಾಗೆ ಒಣಗಿ ಮುರಿಯುವುದು. ಈಗಿನದು ಪಾಲಿಯೆಸ್ಟರ್, ಪಾಲಿಕಾರ್ಬೊನೇಟ್. ಹೆಸರು ಮಾತ್ರ ಉಳಿದಿದೆ.

ಗುಬ್ಬಿಯವನು ಅಂದ ಮೇಲೆ ಕಂಪನಿ ಹೆಸರು ಎತ್ತದೆ ಇರಲು ಆಗಲ್ಲ. 1884ರಲ್ಲಿ ಇಲ್ಲೇ ಶುರುವಾದ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ ಆನೆ ಕುದುರೆ ರಂಗಕ್ಕೆ ಬಂದವು. ನಮ್ಮ ಕಡೆ ಹಳಬರು ಇವತ್ತಿಗೂ ಒಳ್ಳೆ ಲೈಟಿಂಗ್ ನೋಡಿದರೆ ಕಂಪನಿ ನಾಟಕದ ಹಾಗಿದೆ ಅನ್ನುತ್ತಾರೆ. ನನ್ನ ಕೆಲಸಕ್ಕೆ ಒಂದೇ ಸಲ ಅಂದಿದ್ದಾರೆ, ಅದೂ ಕರೆಂಟ್ ಹೋಗಿ ಪೆಟ್ರೋಮ್ಯಾಕ್ಸ್ ಹಚ್ಚಿದಾಗ.

ವಿಷಯಕ್ಕೆ ಬರ್ತೀನಿ. ಗಿಫ್ಟ್ ಪೇಪರ್ ತೆಗೆದುಕೊಂಡ ಹುಡುಗರು ಮಾಡುವ ಇನ್ನೊಂದು ತಪ್ಪಿದೆ. ಕೆಂಪು ಪೇಪರ್ ಮೇಲೆ ನೀಲಿ ಪೇಪರ್ ಇಟ್ಟರೆ ನೇರಳೆ ಬರುತ್ತದೆ ಅಂದುಕೊಳ್ಳುವುದು. ಜೆಲ್ ಬಣ್ಣ ಹಚ್ಚುವುದಿಲ್ಲ, ಬೇರೆ ಬಣ್ಣವನ್ನು ತಡೆಯುತ್ತದೆ ಅಷ್ಟೇ. ಕೆಂಪು ಜೆಲ್ ಕೆಂಪು ಬಿಟ್ಟು ಉಳಿದದ್ದನ್ನು ತಡೆಯಿತು. ಬಂದ ಕೆಂಪನ್ನು ನೀಲಿ ಜೆಲ್ ತಡೆಯಿತು. ಉಳಿದದ್ದು ಕತ್ತಲೆ. ನೇರಳೆ ಬೇಕಾದರೆ ಎರಡು ದೀಪ ಇಡಿ, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ, ಎರಡೂ ಒಂದೇ ಜಾಗಕ್ಕೆ ಬೀಳಲಿ. ದೀಪದಲ್ಲಿ ಕೆಂಪು ಹಸಿರು ಸೇರಿದರೆ ಹಳದಿ ಬರುತ್ತದೆ. ಡಬ್ಬಿ ಪೇಂಟ್ ಕಲೆಸಿ ಅಭ್ಯಾಸ ಇರುವವರು ಇದನ್ನು ನಂಬುವುದೇ ಇಲ್ಲ, ಮಾಡಿ ತೋರಿಸಬೇಕು.

ಇನ್ನೂ ಒಂದು ಆಟ ಹೇಳ್ತೀನಿ. ಬಿಳಿ ಗೋಡೆಗೆ ಎಡದಿಂದ ಕೆಂಪು, ಬಲದಿಂದ ಸಯಾನ್ (ಹಸಿರು ನೀಲಿ ಸೇರಿದ ಬಣ್ಣ) ಹೊಡೆಯಿರಿ. ಎರಡರ ಅಳತೆ ಸಮ ಆದರೆ ಗೋಡೆ ಬಿಳಿಯಾಗೇ ಕಾಣುತ್ತದೆ. ನಡುವೆ ಒಬ್ಬರು ನಿಂತರೆ ಎರಡು ನೆರಳು. ಕೆಂಪು ದೀಪಕ್ಕೆ ಅಡ್ಡ ಬಂದ ನೆರಳು ಸಯಾನ್, ಸಯಾನ್‌ಗೆ ಅಡ್ಡ ಬಂದದ್ದು ಕೆಂಪು. ಮಕ್ಕಳ ನಾಟಕದಲ್ಲಿ ಮಾಡಿದ್ದೆ. ಮಕ್ಕಳು ಡೈಲಾಗ್ ಬಿಟ್ಟು ನೆರಳಿನ ಜೊತೆ ಕುಣಿಯುತ್ತಾ ನಿಂತರು.

ಗುಬ್ಬಿ ಗೇಟ್ (ತುಮಕೂರು)

ನಾನು ಎರಡು ಪೇಪರ್ ಒಟ್ಟಿಗೆ ಇಟ್ಟು ನೋಡಿದ್ದೆ, ಫ್ಲ್ಯಾಶ್ ಕೆಟ್ಟಿದೆ ಅಂದುಕೊಂಡು ಬ್ಯಾಟರಿ ಬದಲಿಸಿದೆ. ಇದನ್ನು ಮೊದಲ ಪೋಸ್ಟಿನಲ್ಲಿ ಹೇಳಿರಲಿಲ್ಲ, ನಾಚಿಕೆಯಾಗಿ.

ಗಿಫ್ಟ್ ಪೇಪರ್ ಬಿಟ್ಟು ನಿಜವಾದ ಜೆಲ್ ತೆಗೆದುಕೊಳ್ಳಲೇಬೇಕಾ?

ಕೋಲಾರದ ಕಿಟಕಿ

ಹಿನ್ನೆಲೆಗೆ ಆಟ ಆಡಲು ಗಿಫ್ಟ್ ಪೇಪರ್ ನಡೆಯುತ್ತದೆ. ಬಣ್ಣ ಹೆಚ್ಚು ಕಡಿಮೆಯಾದರೂ ಯಾರೂ ಕೇಳಲ್ಲ. ಮುಖದ ಬೆಳಕಿಗೆ ಸಿಟಿಓ ಬದಲು ಕಿತ್ತಳೆ ಗಿಫ್ಟ್ ಪೇಪರ್ ಹಾಕಬೇಡಿ. ಅದರಲ್ಲಿ ಯಾವ ಬಣ್ಣ ಎಷ್ಟು ದಾಟುತ್ತದೆ ಅಂತ ಮಾಡಿದವರಿಗೂ ಗೊತ್ತಿರಲ್ಲ. ಚರ್ಮ ಒಂದು ಥರ ಕಾಮಾಲೆ ಬಂದ ಹಾಗೆ ಕಾಣುತ್ತದೆ.

ರೋಸ್ಕೊ ಕಂಪನಿಯ ಶೀಟು 20 ಇಂಚು ಅಗಲ, 24 ಇಂಚು ಉದ್ದ. ಸ್ಪೀಡ್‌ಲೈಟ್ ಬಾಯಿಗೆ ಎರಡು ಇಂಚು ಅಗಲ, ಮೂರು ಇಂಚು ಉದ್ದದ ತುಂಡು ಸಾಕು. ಒಂದು ಶೀಟಿನಲ್ಲಿ 80 ತುಂಡು ಆಗುತ್ತದೆ. ನಾಲ್ಕು ಜನ ಸೇರಿ ತರಿಸಿ ಹಂಚಿಕೊಳ್ಳಿ, ಜೀವನಪೂರ್ತಿ ಬರುತ್ತದೆ. ಕತ್ತರಿಸಿದ ತಕ್ಷಣ ಮೂಲೆಯಲ್ಲಿ ಮಾರ್ಕರ್‌ನಿಂದ ಬರೆಯಿರಿ. ಅರ್ಧ ಸಿಟಿಓ ಮತ್ತು ಪೂರ್ತಿ ಸಿಟಿಓ ಛತ್ರದ ಬೆಳಕಿನಲ್ಲಿ ಅವಳಿ ಮಕ್ಕಳ ಹಾಗೆ.

ಹಳೇ ರೀಲು (ತಿಪಟೂರು)

ಅಂಟಿಸುವಾಗ ಫ್ಲ್ಯಾಶ್ ಗಾಜಿಗೆ ಮೈತಾಗಿಸಿ ಬಿಗಿಯಾಗಿ ಅಂಟಿಸಬೇಡ ತಮ್ಮಾ. ಸ್ವಲ್ಪ ಉಬ್ಬಿಸಿ, ನಡುವೆ ಗಾಳಿ ಇರಲಿ. ಒಂದು ಉತ್ಸವದಲ್ಲಿ ನಾನು ಪೂರ್ತಿ ಪವರ್‌ನಲ್ಲಿ ಒಂದರ ಹಿಂದೆ ಒಂದು ಹೊಡೆದೆ, ತೇರು ಎಳೆಯುವ ಹೊತ್ತು, ನಿಲ್ಲಿಸುವುದು ಹೇಗೆ. ಸುಟ್ಟ ವಾಸನೆ ಬಂತು. ಯಾರೋ ಕರ್ಪೂರ ಹಚ್ಚಿದ್ದಾರೆ ಅಂದುಕೊಂಡೆ. ನೋಡಿದರೆ ಜೆಲ್ ನಡುವೆ ಕಂದು ಮಚ್ಚೆ, ಫ್ಲ್ಯಾಶ್ ಗಾಜಿಗೆ ಹತ್ತಿಕೊಂಡಿದೆ. ಉಗುರಿನಲ್ಲಿ ಕೆರೆದು ತೆಗೆದೆ, ಕಲೆ ಹೋಗಲಿಲ್ಲ. ಸ್ಟುಡಿಯೋ ಲೈಟಿನ ಮಾಡೆಲಿಂಗ್ ಬಲ್ಬ್ (ಬೆಳಕು ಎಲ್ಲಿ ಬೀಳುತ್ತದೆ ಅಂತ ತೋರಿಸಲು ಉರಿಯುತ್ತಲೇ ಇರುವ ಬಲ್ಬ್) ಮೇಲಂತೂ ಹಾಕಲೇಬೇಡ, ಬಲ್ಬ್ ಆರಿಸಿ ಹಾಕು.

ಸೇವಂತಿಗೆ ತೋಟ (ಚಿಕ್ಕಬಳ್ಳಾಪುರ)

ತಡವಾಗಿ ಬಂದೆ. ಎಲ್ಲರೂ ಬಣ್ಣ ಹೊಂದಿಸುವ ಬಗ್ಗೆ, ಬಣ್ಣ ಹಚ್ಚುವ ಬಗ್ಗೆ ಮಾತಾಡಿದಿರಿ. ಎರಡೂ ಒಟ್ಟಿಗೆ ಆಗುವುದನ್ನು ಹೇಳ್ತೀನಿ.

ನಮ್ಮ ಕಡೆ ಸೇವಂತಿಗೆ ತೋಟಕ್ಕೆ ರಾತ್ರಿ ಬಲ್ಬ್ ಹಚ್ಚುತ್ತಾರೆ. ಹೊಸಬರು ಬೈಪಾಸ್‌ನಲ್ಲಿ ಹೋಗುವಾಗ ಜಾತ್ರೆ ಅಂದುಕೊಳ್ಳುತ್ತಾರೆ. ಸೇವಂತಿಗೆ ರಾತ್ರಿ ಉದ್ದವಾದರೆ ಮೊಗ್ಗು ಕಟ್ಟುವ ಗಿಡ. ರಾತ್ರಿ ಬೆಳಕು ಕೊಟ್ಟರೆ ಇನ್ನೂ ಹಗಲು ಅಂದುಕೊಂಡು ಎತ್ತರ ಬೆಳೆಯುತ್ತದೆ, ಹೂವು ಮುಂದಕ್ಕೆ ಹೋಗುತ್ತದೆ. ಹಬ್ಬದ ರೇಟಿಗೆ ಹೂವು ತರಲು ರೈತರ ಉಪಾಯ ಅದು.

ಒಂದು ಜೋಡಿಯ ಪ್ರೀ ವೆಡ್ಡಿಂಗ್ ಅಲ್ಲಿ ತೆಗೆದೆ. ಪರಿಚಯದವರ ತೋಟ, ಕೇಳಿಕೊಂಡೇ ಹೋದದ್ದು. ಸಾಲಿನ ನಡುವಿನ ಕಾಲುದಾರಿ ಬಿಟ್ಟು ಕದಲಬೇಡಿ ಅಂತ ಷರತ್ತು. ಸೂರ್ಯ ಮುಳುಗಿ ಇಪ್ಪತ್ತು ನಿಮಿಷ. ಬಲ್ಬ್ ಹತ್ತಿವೆ, ಹಳದಿ. ಆಕಾಶ ಬೂದು, ಏನೂ ವಿಶೇಷ ಇಲ್ಲ. ಫ್ಲ್ಯಾಶ್ ಸಣ್ಣ ಅಂಬ್ರೆಲಾದಲ್ಲಿ, ಪೂರ್ತಿ ಸಿಟಿಓ ಹಾಕಿ, ಕ್ಯಾಮೆರಾ 3200ಕ್ಕೆ ಇಟ್ಟೆ. ಶಟರ್ 1/50, ಎಫ್ 2.8, ಐಎಸ್ಓ 400.

ಹುಡುಗಿಯ ಮುಖ ಸಹಜ ಬಣ್ಣ. ಬಲ್ಬು ಬೆಣ್ಣೆ ಬಣ್ಣ. ಆ ಸಪ್ಪೆ ಬೂದು ಆಕಾಶ ಇದೆಯಲ್ಲ, ಶಾಯಿ ಚೆಲ್ಲಿದ ಹಾಗೆ ನೀಲಿ! ಹಿಂದೆ ನಂದಿ ಬೆಟ್ಟದ ಗೆರೆ ಇನ್ನೂ ಕಡುನೀಲಿ. ಆಕಾಶಕ್ಕೆ ಯಾವ ಜೆಲ್ ಹಾಕಲು ಸಾಧ್ಯ? ಕ್ಯಾಮೆರಾ 3200ಕ್ಕೆ ಇಟ್ಟಾಗ ಹಗಲಿನ ಬೆಳಕೆಲ್ಲ ನೀಲಿ ಆಗುತ್ತದೆ. ಸಿಟಿಓ ಹಾಕಿದ ಫ್ಲ್ಯಾಶ್ ಬಿದ್ದ ಜಾಗ ಮಾತ್ರ ತಪ್ಪಿಸಿಕೊಳ್ಳುತ್ತದೆ. ಮೋಡ ಕವಿದ ಮಧ್ಯಾಹ್ನ ಕೂಡ ಇದು ಆಗುತ್ತದೆ, ಆಕಾಶವನ್ನು ಸ್ವಲ್ಪ ಕತ್ತಲೆ ಮಾಡಿಕೊಂಡರೆ.

1/50 ಯಾಕೆ ಅಂದರೆ, ಎಲ್ಇಡಿ ಬಲ್ಬುಗಳು ಅಗ್ಗದವಾದರೆ ಮಿನುಗುತ್ತವೆ. ನಮ್ಮ ಕರೆಂಟ್ 50 ಹರ್ಟ್ಸ್, ಮಿನುಗು ಸೆಕೆಂಡಿಗೆ 100 ಸಲ. ಮೊದಲು 1/200 ಇಟ್ಟಿದ್ದೆ, ಫೋಟೋದಲ್ಲಿ ಅಡ್ಡ ಪಟ್ಟಿ ಬಂದವು. 1/50 ಅಥವಾ 1/100 ಇಟ್ಟರೆ ಹೋಗುತ್ತದೆ.

ಗುಬ್ಬಿ ಗೇಟ್ (ತುಮಕೂರು)

ಅಣ್ಣಾ, ಇದು ಸಖತ್. ಅಮಾನಿಕೆರೆ ದಂಡೆ ಮೇಲೆ ಪ್ರಯತ್ನ ಮಾಡ್ತೀನಿ.

ಇನ್ನೊಂದು ಕೇಳಬೇಕಿತ್ತು. ಈಗ ಛತ್ರಗಳಲ್ಲಿ ಪಾರ್ ಲೈಟ್ ಅಂತ ಬಣ್ಣದ ಸ್ಟೇಜ್ ದೀಪ ಹಾಕುತ್ತಾರಲ್ಲ, ಗುಲಾಬಿ ನೇರಳೆ. ಅದಕ್ಕೆ ಹೊಂದುವ ಜೆಲ್ ಇದೆಯಾ?

ಅರ್ಧ ಸ್ಟಾಪ್ (ತುಮಕೂರು)

ಹೊಂದಿಸಲು ಹೋಗಬೇಡಿ. ಅದು ಬಿಳಿ ಬೆಳಕೇ ಅಲ್ಲ, ಯಾವ ವೈಟ್ ಬ್ಯಾಲೆನ್ಸ್‌ಗೂ ಸಿಗಲ್ಲ. ಅದು ಹಿಂದೆ ಇರಲಿ, ಮುಖಕ್ಕೆ ನಿಮ್ಮ ಫ್ಲ್ಯಾಶ್ ಸ್ವಚ್ಛವಾಗಿ ಬೀಳಲಿ. ಶಟರ್ ಏರಿಸಿ ಪಾರ್ ಲೈಟ್ ಮುಖದ ಮೇಲೆ ಕಡಿಮೆ ಮಾಡಿ.

ಹಳೆಯ ಟ್ಯೂಬ್‌ಲೈಟ್ ಇರುವ ಹಳ್ಳಿ ಸಮುದಾಯ ಭವನ ಆದರೆ ಬೇರೆ ಕಥೆ. ಅದು ಹಸಿರು ಕಡೆ ವಾಲುತ್ತದೆ. ಅದಕ್ಕೆ ಪ್ಲಸ್ ಗ್ರೀನ್ ಅಂತ ತಿಳಿಹಸಿರು ಜೆಲ್ ಬರುತ್ತದೆ. ಫ್ಲ್ಯಾಶ್‌ಗೂ ಹಸಿರು ಹಾಕಿ, ಕ್ಯಾಮೆರಾದಲ್ಲಿ ಮಜೆಂಟಾ (ಹಸಿರಿಗೆ ಎದುರಾದ ಗುಲಾಬಿ ನೇರಳೆ) ಕಡೆ ತಿರುಗಿಸಿ. ಮದುಮಗಳ ಮುಖಕ್ಕೆ ಹಸಿರು ಬೆಳಕು ಹಾಕುವುದಕ್ಕೆ ಧೈರ್ಯ ಬೇಕು. ಕ್ಯಾಮೆರಾ ಹಿಂದೆ ನೋಡಿದ ಮೇಲೆ ಧೈರ್ಯ ಬರುತ್ತದೆ.

ಕೋಲಾರದ ಕಿಟಕಿ

ಮದುವೆಯವರಿಗೆ ಒಂದು ಮಾತು. ಬಣ್ಣದ ಜೆಲ್ ಅಂದರೆ ಕೆಂಪು ನೀಲಿ, ಅದು ಯಾವತ್ತೂ ಸೀರೆ ಮುಂಭಾಗಕ್ಕೆ ಬೀಳಬಾರದು. ನಾಲ್ಕು ಅಂಗಡಿ ಸುತ್ತಿ, ಅತ್ತೆ ಸೊಸೆ ಒಪ್ಪಿ, ಎಷ್ಟೋ ಸಾವಿರ ಕೊಟ್ಟು ತಂದ ಗಿಳಿ ಹಸಿರು ಸೀರೆ. ನೀವು ಕೆಂಪು ಜೆಲ್ ಹೊಡೆದರೆ ಅದು ಕಪ್ಪು ಕಾಣುತ್ತದೆ. ಹಸಿರು ಬಟ್ಟೆಗೆ ವಾಪಸ್ ಕಳಿಸಲು ಕೆಂಪು ಬೆಳಕಿನಲ್ಲಿ ಹಸಿರೇ ಇಲ್ಲ.

ಬೇಕಾದರೆ ಹಿಂದಿನಿಂದ ಹಾಕಿ, ಕೂದಲಿನ ಅಂಚಿಗೆ. ನಮ್ಮವರ ಕಪ್ಪು ಕೂದಲಿಗೆ ಎಣ್ಣೆಯ ಹೊಳಪು ಇರುತ್ತದೆ, ನೀಲಿ ಅಂಚು ಬಹಳ ಚೆನ್ನಾಗಿ ಹಿಡಿಯುತ್ತದೆ. ಆದರೆ ಅಲ್ಲೂ ನಾನು ಒಂದು ಸಲ ಎಡವಿದ್ದೇನೆ. ಜಡೆ ತುಂಬಾ ಮಲ್ಲಿಗೆ ಮುಡಿದಿದ್ದಳು. ಕಪ್ಪು ಕೂದಲಿನ ಅಳತೆಗೆ ಇಟ್ಟ ಪವರ್ ಬಿಳಿ ಹೂವಿಗೆ ಎಷ್ಟೋ ಪಟ್ಟು ಜಾಸ್ತಿ. ಇಡೀ ದಂಡೆ ನೀಲಿಯಾಗಿ ಉರಿಯಿತು. ಹುಡುಗಿಯ ಅಮ್ಮ ಫೋಟೋ ನೋಡಿ, ಇಷ್ಟು ಖರ್ಚು ಮಾಡಿ ಪ್ಲಾಸ್ಟಿಕ್ ಹೂವು ಯಾಕಮ್ಮಾ ಮುಡಿಸಿದರು ಅಂತ ಕೇಳಿದರು. ಅವತ್ತಿನಿಂದ ಮಲ್ಲಿಗೆ ಕಂಡರೆ ಹಿಂದಿನ ಜೆಲ್ ತೆಗೆದು ಕಾಲು ಸಿಟಿಓ ಹಾಕುತ್ತೇನೆ. ಹೂವು ಸಂಜೆ ಬಿಸಿಲಿನಲ್ಲಿ ಇದ್ದ ಹಾಗೆ ಬರುತ್ತದೆ.

ನಾಟಕದ ಲೈಟು (ಗುಬ್ಬಿ)

ಕೆಂಪು ಬೆಳಕಲ್ಲಿ ಹಸಿರು ಸೀರೆ ಕಪ್ಪಾಗುವುದನ್ನು ನಾವು ಬೇಕಂತಲೇ ಮಾಡುತ್ತೇವೆ ಮೇಡಂ. ಒಂದೇ ಸೀರೆ, ಎರಡು ದೃಶ್ಯ. ಬಟ್ಟೆ ಬದಲಿಸಲು ಟೈಮ್ ಇರಲ್ಲ.

ಗುಬ್ಬಿ ಗೇಟ್ (ತುಮಕೂರು)

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ನಾವು ಮೂರು ಜನ ಸೇರಿ ಸಿಟಿಓ ಶೀಟು ತರಿಸಿದೆವು. ತುಂಡುಗಳನ್ನು ಹಳೆಯ ಲಗ್ನಪತ್ರಿಕೆಯ ಕವರ್‌ಗೆ ಹಾಕಿಟ್ಟುಕೊಂಡಿದ್ದೇನೆ, ಅಳತೆ ಸರಿಯಾಗಿ ಕೂರುತ್ತದೆ.

ಶನಿವಾರ ರಾತ್ರಿ ಆರತಕ್ಷತೆ, ಮತ್ತೆ ಹಳದಿ ಬಲ್ಬಿನ ಪರದೆ. ಅರ್ಧ ಸಿಟಿಓ, 3200, 1/60. ಮುಖವೂ ಸರಿ, ಹಿಂದೆ ಕೂತ ದೊಡ್ಡಪ್ಪನೂ ಸರಿ. ಎಡಿಟಿಂಗ್ ಒಂದೇ ರಾತ್ರಿಯಲ್ಲಿ ಮುಗಿಯಿತು. ಮೊದಲೆಲ್ಲ ನಾಲ್ಕು ದಿನ ಕೂರುತ್ತಿದ್ದೆ. ರೋಸ್ ಮಿಲ್ಕ್ ಕೂಡ ಹೋಯ್ತು. ತಮ್ಮನನ್ನು ಅಕ್ಕ ಹೇಳಿದ ಹಾಗೆ ಗೋಡೆಯಿಂದ ಒಂಬತ್ತು ಅಡಿ ಮುಂದೆ ತಂದೆ, ಹಿಂದಿನ ಪವರ್ 1/16. ಪಕ್ಕಾ ಕುಂಕುಮ.

ಆದರೆ ಒಂದು ಎಡವಟ್ಟಾಯಿತು. ಭಾನುವಾರ ಬೆಳಗ್ಗೆ ಮುಹೂರ್ತ ಮುಗಿದು ಛತ್ರದ ಹೊರಗೆ ಕುಟುಂಬದ ಗ್ರೂಪ್ ಫೋಟೋ. ಮುಖಕ್ಕೆ ನೆರಳು ಬೀಳುತ್ತಿತ್ತು ಅಂತ ಫ್ಲ್ಯಾಶ್ ಹೊಡೆದೆ. ಹಿಂದಿನ ರಾತ್ರಿಯ ಜೆಲ್ ಹಾಗೇ ಇತ್ತು. ವೈಟ್ ಬ್ಯಾಲೆನ್ಸ್ ಮಾತ್ರ ಜಾಣನ ಹಾಗೆ ಬಿಸಿಲಿಗೆ ಬದಲಿಸಿದ್ದೆ. ಮರ, ಗೋಡೆ, ಕಾರು ಎಲ್ಲ ಸರಿ, ಹದಿನೆಂಟು ಜನರ ಮುಖ ಮಾತ್ರ ಚಿನ್ನದ ಬಣ್ಣ. ಈಗ ಮಾಸ್ಕ್ ಹಾಕ್ತಾ ಕೂತಿದ್ದೇನೆ.

ಸುಮ್ನೆ ನೋಡ್ತೀನಿ (ಕುಣಿಗಲ್)

ಹದಿನೆಂಟು ಮಾಸ್ಕ್! ಬರಬೇಕಾ ಸಹಾಯಕ್ಕೆ? ಕಾಫಿ ನಿಮ್ಮದು.

ಹಳೇ ರೀಲು (ತಿಪಟೂರು)

ಮನೆಯವರಿಗೆ ತೋರಿಸಿದೆಯಾ ತಮ್ಮಾ?

ಗುಬ್ಬಿ ಗೇಟ್ (ತುಮಕೂರು)

ಒಂದು ಕಳಿಸಿಬಿಟ್ಟಿದ್ದೆ, ನೋಡಿಕೊಳ್ಳದೆ. ಹುಡುಗಿಯ ಅಜ್ಜಿ ಫೋನ್ ಮಾಡಿಸಿದ್ದರು. ಅರಿಶಿನ ಶಾಸ್ತ್ರದ ಕಳೆ ಇನ್ನೂ ಮುಖದಲ್ಲಿದೆ, ಇದನ್ನೇ ದೊಡ್ಡದು ಮಾಡಿ ಫ್ರೇಮ್ ಹಾಕಿಸಪ್ಪಾ ಅಂದರು. ಉಳಿದ ಹದಿನೇಳು ಜನಕ್ಕೂ ಅರಿಶಿನ ಹಚ್ಚಿರಲಿಲ್ಲ ಅಂತ ನಾನು ಹೇಳಲಿಲ್ಲ.